ಕಪಾಟಿನಲ್ಲಿದ್ದ ಬೆಲರೂಸಿನವರು

ಪಂಡಿತನೆಂದು ಹೆಸರು ಪಡೆಯಲು ಓದಲೇಬೇಕೆಂದೇನಿಲ್ಲ, ಮನೆಯಲ್ಲೊಂದು ಗಾಜಿನ ಕಪಾಟಿದ್ದರೆ ಸಾಕು. ಚೆನ್ನೈನ ಪೆರಂಬೂರಿನ ನಮ್ಮ ಮನೆಯ ಕಪಾಟಿನಲ್ಲಿ ಕೆಂಪು ರಟ್ಟಿನ ದಪ್ಪ ಕಥಾಸಂಕಲನವೊಂದಿದೆ. ವಿಮಾ ಕಚೇರಿಯ ಕೆಲಸ ಸಿಕ್ಕ ಹೊಸದರಲ್ಲಿ, ಸೋವಿಯತ್ ಪುಸ್ತಕ ಮಾರುವ ವ್ಯಾನಿನಲ್ಲಿ ಅಗ್ಗವೆಂದು ಕೊಂಡದ್ದು. ಅದರಲ್ಲಿ ನಾಲ್ಕೇ ಕಥೆ ಓದಿ, ಮೂವತ್ತು ವರ್ಷ ರಷ್ಯನ್ ಸಾಹಿತ್ಯದ ಬಗ್ಗೆ ಎಲ್ಲರ ತಲೆ ತಿಂದಿದ್ದೇನೆ. ಈಚೆಗೆ ನಮ್ಮ ಕನ್ನಡ ಬಳಗದವರು ಅದೇ ವಿಷಯ ಕೊಟ್ಟು ಭಾಷಣಕ್ಕೆ ಕರೆದರು.

ಭಾಷಣಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ನನ್ನ ಹೆಂಡತಿ ವಿಮಲಾ ಧೂಳು ಒರೆಸುತ್ತಾ ಆ ಪುಸ್ತಕ ತೆರೆದಳು.

“ರೀ, ಇದರಲ್ಲಿ ಬೆಲರೂಸಿಯನ್ ಭಾಷೆಯಿಂದ ಅನುವಾದ ಅಂತ ಇದೆಯಲ್ಲ?”

“ಎಲ್ಲಾ ಒಂದೇ ಕಣೇ. ಅಲ್ಲೇ ಅಕ್ಕಪಕ್ಕ.”

“ದೆಹಲಿ ಮದುವೇಲಿ ಒಬ್ಬರು ನಿಮ್ಮನ್ನ ಮದ್ರಾಸಿ ಅಂದಾಗ, ಜಿಲೇಬಿ ತಟ್ಟೆ ಕೆಳಗಿಟ್ಟು ಅರ್ಧ ಗಂಟೆ ಪಾಠ ಮಾಡಿದ್ರಿ. ಅವರೂ ಅಕ್ಕಪಕ್ಕ ಅಂತಲೇ ಅಂದಿದ್ದು.”

ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ಜಿಲೇಬಿಯ ಆಸೆ ಬೇರೆ ಇನ್ನೂ ಹೋಗಿರಲಿಲ್ಲ. ಕಚೇರಿಗೆ ರಜೆ ಹಾಕಿ, ಮೊದಲ ಸಲ ಮುನ್ನುಡಿಯಿಂದ ಓದತೊಡಗಿದೆ. ಪೇಟೆಯವರು ಹಳ್ಳಿಯ ಮಾತೆಂದು ಮೂಗು ಮುರಿದ ನುಡಿಯಲ್ಲೇ ಹಟ ಹಿಡಿದು ಬರೆದ ಜನ ಈ ಬೆಲರೂಸಿನವರು. ಶತಮಾನಗಳ ಹಿಂದೆಯೇ ಅಚ್ಚಿನ ಪುಸ್ತಕ ಕಂಡಿದ್ದರೂ, ನಿಮ್ಮದೂ ಒಂದು ಭಾಷೆಯೇ ಎಂದು ಕೇಳಿಸಿಕೊಂಡವರು. ಕಥೆಗಳ ತುಂಬ ಕಾಡು, ಜೌಗು, ಯುದ್ಧದಲ್ಲಿ ಸುಟ್ಟ ಹಳ್ಳಿಗಳು. ನಾನು ಮೊದಲೇ ಓದಿದ್ದ ಒಂದರಲ್ಲಿ ಮುದುಕಿಯೊಬ್ಬಳು ಗೋಡೆಯೇ ಉಳಿಯದ ಮನೆಯ ಒಲೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾಳೆ. ಅವಳನ್ನು ಮೂವತ್ತು ವರ್ಷ ರಷ್ಯದ ಅಜ್ಜಿಯೆಂದು ಸಾರಿಕೊಂಡು ತಿರುಗಿದ್ದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಭಾನುವಾರ ಬಳಗದ ಸಭೆಯಲ್ಲಿ ತಪ್ಪೊಪ್ಪಿಕೊಂಡೆ. ಒಬ್ಬರ ನುಡಿಗೆ ಪಕ್ಕದವರ ಹೆಸರಿಡುವುದಕ್ಕಿಂತ ದೊಡ್ಡ ಅವಮಾನವಿಲ್ಲ, ಸಿಕ್ಕಸಿಕ್ಕಲ್ಲಿ ತಿದ್ದಬೇಕು ಎಂದು ಮೇಜು ಗುದ್ದಿ ಹೇಳಿದೆ. ಜೋರು ಚಪ್ಪಾಳೆ ಬಿತ್ತು, ಶಾಲೂ ಹೊದಿಸಿದರು. ವಿಮಲಾಳ ಕಣ್ಣಲ್ಲಿ ನೀರು ಕಂಡಂತಾಯಿತು. ಮದುವೆಯಾದ ಮೇಲೆ ನನ್ನ ಮಾತಿಗೆ ಅವಳು ತಲೆದೂಗಿದ್ದು ಅದೇ ಮೊದಲು.

ಮಧ್ಯಾಹ್ನ ಆಟೋದಲ್ಲಿ ಮನೆಗೆ ಹೊರಟೆವು. ನಮ್ಮಿಬ್ಬರ ಮಾತು ಕೇಳಿಸಿಕೊಂಡ ಚಾಲಕ ಕನ್ನಡಿಯಲ್ಲಿ ನೋಡಿ, “ನೀಂಗ ತೆಲುಂಗಾ ಸಾರ್?” ಎಂದು ತಮಿಳಿನಲ್ಲಿ ಕೇಳಿದ.

ಶಾಲು ಇನ್ನೂ ಹೆಗಲ ಮೇಲೇ ಇತ್ತು. ಆದರೆ ಕನ್ನಡ ಎಂದರೆ ಕಾವೇರಿ ನೀರಿನ ವಿಚಾರ ಎದ್ದು ಪೆರಂಬೂರಿನವರೆಗೂ ಮುಗಿಯುವುದಿಲ್ಲ. ಹೊಟ್ಟೆ ಬೇರೆ ಹಸಿದಿತ್ತು.

“ಆಮಾ ಪಾ,” ಎಂದು ಹೌದೆಂಬಂತೆ ತಲೆಯಾಡಿಸಿದೆ.

ವಿಮಲಾ ನನ್ನ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ತೆಗೆದು, ಮಡಿಸಿ, ತನ್ನ ಚೀಲಕ್ಕೆ ಹಾಕಿಕೊಂಡಳು.