ಎಕ್ಸ್‌ಟ್ರಾ ಸೀಟು

ನಮ್ಮ ಸೋದರಮಾವನಷ್ಟು ಜನರಿಗೆ ಸೀಟು ಕೊಡಿಸಿದವರು ತುಮಕೂರು ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ! ಶಾಸಕರಾಗಿದ್ದರೇನೋ ಅಂದುಕೊಳ್ಳಬೇಡಿ, ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಬಸುರಿಯರನ್ನು, ಮುದುಕರನ್ನು ಕೂರಿಸದೆ ಅವರು ರೈಟ್ ಹೇಳಿದ್ದೇ ಇಲ್ಲ. ನಿವೃತ್ತರಾದ ಮೇಲೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ "ಒಳಗ್ ಹೋಗಿ, ಹಿಂದೆ ಖಾಲಿ ಐತೆ" ಎನ್ನುತ್ತಾ ಓಡಾಡುತ್ತಾರೆ.

ಅಂಥವರಿಗೆ, ನನಗೆ ಇಂಜಿನಿಯರಿಂಗ್ ಸೀಟು ಸಿಗಲಿಲ್ಲ ಎಂಬುದು ಅರಗಲೇ ಇಲ್ಲ. ನನ್ನ ರ‍್ಯಾಂಕು ಸಾಲದು, ದುಡ್ಡು ಕೊಟ್ಟು ಸೇರಲು ಮನೆಯಲ್ಲಿ ತ್ರಾಣವಿಲ್ಲ ಎಂದು ನಾನೇ ಹೇಳಿದ್ದೆ. ಆದರೆ "ಸೀಟೆಲ್ಲಾ ಫಾರಿನ್ನವ್ರಿಗೆ ಕೊಟ್ಬುಟ್ಟವ್ರೆ" ಎಂದು ಟೀ ಅಂಗಡಿಯಲ್ಲಿ ಯಾರೋ ಅಂದದ್ದು ಅವರಿಗೆ ಹೆಚ್ಚು ನಂಬಿಕೆಯಾಯಿತು. ಮರುದಿನವೇ ಹೆಗಲಿಗೆ ಟವೆಲ್ ಹಾಕಿಕೊಂಡು, ನನ್ನನ್ನೂ ಹೊರಡಿಸಿಕೊಂಡು ತುಮಕೂರಿನ ಕಾಲೇಜಿಗೆ ನಡೆದರು. ಆ ಟವೆಲನ್ನು ಕಿಟಕಿಯಿಂದ ಕ್ಲಾಸಿನೊಳಗೆ ಎಸೆದು ಸೀಟು ಹಿಡಿದುಬಿಡುತ್ತಾರೇನೋ ಎಂದು ನನಗೆ ಭಯ.

ಅಡ್ಮಿಷನ್ ಕೌಂಟರಿನ ಗುಮಾಸ್ತರು ತಾಳ್ಮೆಯವರು. "ಯಜಮಾನ್ರೇ, ನಿಮ್ಮ ಹುಡುಗಿ ಸೀಟನ್ನ ಅವರ‍್ಯಾರೂ ತಗೊಂಡಿಲ್ಲ. ಫಾರಿನ್ ಮಕ್ಕಳಿಗೆ ಕೊಡೋದು ಇರೋ ಸೀಟಿನ ಮೇಲೆ ಎಕ್ಸ್‌ಟ್ರಾ" ಎಂದರು.

"ಅಂದ್ರೆ ಸ್ಟ್ಯಾಂಡಿಂಗು?"

"ಹಂಗೇ ಅನ್ಕೊಳಿ."

"ಚಾರ್ಜು?"

"ನಮ್ಮೋರಿಗಿಂತ ಬಾಳ ಜಾಸ್ತಿ."

ಮಾವ ಕಂಗಾಲಾದರು. ನಿಂತವರ ಹತ್ತಿರ ಜಾಸ್ತಿ ವಸೂಲಿ ಮಾಡುವ ಬಸ್ಸನ್ನು ಅವರು ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. "ಅವ್ರು ಅಷ್ಟು ಕಟ್ಟಿದ್ರೆ ನಮ್ ಮಕ್ಕಳ ಫೀಸು ಇಳೀತದಾ?" ಎಂದು ಕೇಳಿದರು. ಗುಮಾಸ್ತರು ತಲೆಯೆತ್ತಿ ಫ್ಯಾನ್ ನೋಡಿದರು.

ಊರಿಗೆ ವಾಪಸಾಗಲು ಗುಬ್ಬಿ ಬಸ್ಸು ಹತ್ತಿದೆವು. ನಮಗೆ ಸೀಟು ಸಿಕ್ಕಿತು. ನಮ್ಮ ಹಿಂದೆಯೇ ಅದೇ ಕಾಲೇಜಿನ ಐಡಿ ಕಾರ್ಡ್ ಹಾಕಿಕೊಂಡ ಆಫ್ರಿಕಾದ ಹುಡುಗಿಯೊಬ್ಬಳು ಹತ್ತಿದಳು. ಕಂಡಕ್ಟರ್ ಆಧಾರ್ ಕೇಳಿದ. ಅವಳಿಗೆಲ್ಲಿಯದು? ನನ್ನಂಥ ಹೆಂಗಸರೆಲ್ಲ ಪುಕ್ಕಟೆಯಾಗಿ ಕೂತಿದ್ದ ಬಸ್ಸಿನಲ್ಲಿ ಅವಳೊಬ್ಬಳು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ಕಂಬಿ ಹಿಡಿದು ನಿಂತಳು.

"ಇಲ್ಲೂ ಕಾಸು ಕೊಟ್ಟು ನಿಂತವ್ಳಲ್ಲೇ" ಎಂದರು ಮಾವ. ಬೆಳಿಗ್ಗೆಯೆಲ್ಲ ಅವರು ಬೈದದ್ದು ಇಂಥವರನ್ನೇ. ಈಗ ಎದ್ದು, ಟವೆಲಿನಿಂದ ಸೀಟು ಒರೆಸಿ, "ಕೂತ್ಕೊ ಮಗ" ಎಂದರು. ಅವಳಿಗೆ ಅಷ್ಟು ಕನ್ನಡ ತಿಳಿಯಿತು.

ನಾನು ನಗುತ್ತಾ ಮಾವನ ಮುಖ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು.

"ಊರೋರ್ಗೆಲ್ಲಾ ಸೀಟು ಕೊಡಿಸ್ದೆ ಕಣವ್ವ. ನಿಂಗೊಂದು ಕೊಡ್ಸಕ್ಕೆ ಆಗ್ಲಿಲ್ಲ ನನ್ ಕೈಲಿ."

ನನಗೆ ಅಳು ಬಂತು. ಆ ಹುಡುಗಿಯನ್ನು ಕಿಟಕಿಯ ಕಡೆಗೆ ಸರಿಸಿ, ನಾನೂ ಅವಳಿಗೆ ಒತ್ತಿಕೊಂಡು ಕೂತು, ಸೀಟಿನ ತುದಿಯಲ್ಲಿ ಅಂಗೈಯಗಲ ಜಾಗ ಮಾಡಿದೆ.

"ಬಾ ಮಾವ, ಎಕ್ಸ್‌ಟ್ರಾ ಸೀಟು" ಎಂದೆ.