ಕೆಲಸ ಸಿಕ್ತೇನ್ರಿ?

ವಾರಕ್ಕೊಂದಾದರೂ ತಮಾಷೆಯ ಪ್ರಸಂಗ ಆಗದೆ ನಮ್ಮ ಆಫೀಸಿನಲ್ಲಿ ಶನಿವಾರ ಬರುವುದಿಲ್ಲ. ಮೊದಮೊದಲು ಮನೆಗೆ ಬಂದು ಹೇಳಿಕೊಂಡು ನಗುತ್ತಿದ್ದೆ. ಈಗ ನಗುವ ಮೊದಲು ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಎಣಿಸುತ್ತೇನೆ.

ಪುಣೆಯ ಚಿಂಚವಾಡದ ಒಂದು ಕೌಶಲ ತರಬೇತಿ ಕೇಂದ್ರದಲ್ಲಿ ನನ್ನ ಕೆಲಸ. ಕೋರ್ಸ್ ಮುಗಿಸಿ ಹೋದವರಿಗೆ ಮೂರು ತಿಂಗಳ ನಂತರ ಫೋನ್ ಮಾಡಿ "ಕೆಲಸ ಸಿಕ್ತೇನ್ರಿ?" ಎಂದು ಕೇಳಬೇಕು, ಉತ್ತರವನ್ನು ಕಂಪ್ಯೂಟರಿನಲ್ಲಿ ಟಿಕ್ ಮಾಡಬೇಕು. ಹತ್ತರಲ್ಲಿ ಏಳು ಮಂದಿಗೆ ಕೆಲಸ ಸಿಕ್ಕಿದ್ದರೆ ಕೇಂದ್ರ ಉಳಿಯುತ್ತದೆ. ಒಬ್ಬರು ಕಡಿಮೆಯಾದರೂ ಬೀಗ. ಬೀಗ ಬಿದ್ದರೆ ನನ್ನ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟು ಮುಂದುವರಿಯುವುದಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಹಾಗಾಗಿ ಊರಿನವರಿಗೆಲ್ಲ ಕೆಲಸ ಸಿಗಲಿ ಎಂದು ನನ್ನಷ್ಟು ಭಕ್ತಿಯಿಂದ ಬೇಡಿಕೊಳ್ಳುವವರು ಪುಣೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಸೊಸೆಯ ಕೆಲಸ

ಹೊಲಿಗೆ ಕಲಿತು ಹೋದ ಒಬ್ಬಳ ಮನೆಗೆ ಫೋನ್ ಮಾಡಿದೆ. ಪಿಂಪ್ರಿಯ ಕಾರ್ಮಿಕರ ಕಾಲೊನಿ. ಎತ್ತಿದ್ದು ಅತ್ತೆ. ನನ್ನ ಮರಾಠಿ ಕೇಳಿದ ಕೂಡಲೇ "ನೀವು ನಮ್ಮ ಕಡೆಯವರೇನ್ರಿ?" ಎಂದು ಕನ್ನಡಕ್ಕೆ ತಿರುಗಿದರು.

"ಹೌದ್ರಿ, ಧಾರವಾಡದಾಕಿ. ನಿಮ್ಮ ಸೊಸಿ ಕೆಲಸ ಮಾಡ್ತಾರೇನ್ರಿ?"

"ಮಾಡದ ಏನ್ರಿ? ಐದಕ್ಕ ಎದ್ದು ನೀರು ತುಂಬತಾಳ, ಎಂಟು ಮಂದಿಗೆ ರೊಟ್ಟಿ ಬಡೀತಾಳ, ಅರಿವಿ ಒಗೀತಾಳ."

"ಅದಲ್ರಿ. ಹೊರಗಿನ ಕೆಲಸ?"

"ಅರಿವಿ ಒಣಗಸಾಕ ಹೊರಗs ಹೋಗಬೇಕಲ್ರಿ."

ನಮ್ಮ ಫಾರ್ಮಿನಲ್ಲಿ ರೊಟ್ಟಿಗೆ ಜಾಗವಿಲ್ಲ. "ಕೆಲಸವಿಲ್ಲ" ಎಂದು ಟಿಕ್ ಮಾಡಿದೆ. ಅಷ್ಟರಲ್ಲಿ ಸೊಸೆ ಫೋನ್ ಇಸಿದುಕೊಂಡು ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾರ, ನಿಮ್ಮಲ್ಲಿ ಇನ್ನೊಂದು ಕೋರ್ಸ್ ಯಾವಾಗ ಚಾಲೂ ಅದ? ಯಾವುದಾದ್ರೂ ನಡೀತದ. ಅಲ್ಲಿ ಕೂತ ಮೂರು ತಿಂಗಳು ಭಾಳ ಆರಾಮಿದ್ದೆ."

ಬಲ್ಬು

ಇನ್ನೊಬ್ಬನೂ ನಮ್ಮ ಕಡೆಯವನೇ, ಕೇಂದ್ರದಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಕಲಿತವನು. ಈಗ ವಾಕಡದ ಆಫೀಸುಗಳ ಮುಂದೆ ಗಾಡಿ ಇಟ್ಟುಕೊಂಡು ಅವಲಕ್ಕಿ ಮಾರುತ್ತಿದ್ದಾನೆ. ವ್ಯಾಪಾರ ಚೆನ್ನಾಗಿದೆ. ಆದರೆ ನಮ್ಮ ನಿಯಮದ ಪ್ರಕಾರ ಕಲಿತದ್ದಕ್ಕೂ ಮಾಡುವುದಕ್ಕೂ ಸಂಬಂಧ ಇರಬೇಕು. ಸ್ವಲ್ಪವಾದರೂ ಇದ್ದರೆ ಸಾಕು.

"ಕಲಿತದ್ದು ಒಂದಿಷ್ಟರ ಉಪಯೋಗಕ್ಕ ಬಂತೇನಪಾ?" ಎಂದೆ.

"ಬಂತ್ರಿ. ಗಾಡಿಗೆ ಬಲ್ಬು ಹಾಕಿಸೀನ್ರಿ."

"ಹಾಕಿಸಿದ್ಯಾ? ನೀನs ಹಾಕಲಿಲ್ಲೇನು?"

"ನನಗ ಕರೆಂಟ್ ಅಂದ್ರ ಅಂಜಿಕಿ ರೀ. ನನ್ನ ಜೋಡಿ ಕಲತಾವ ಹಾಕಿಕೊಟ್ಟ."

ನನಗೆ ಜೀವ ಬಂದಂತಾಯಿತು. "ಹಂಗಾದ್ರ ಅವಗ ಕೆಲಸ ಸಿಕ್ಕದ?"

"ಸಿಕ್ಕದ್ರಿ. ನನ್ನ ಗಾಡ್ಯಾಗ ಪ್ಲೇಟ್ ತೊಳೀತಾನ."

ನಮ್ಮ ಮುಖ್ಯಸ್ಥರು ಬೆಳಗಾವಿಯವರು. ಸೋಲು ಒಪ್ಪುವ ಜಾಯಮಾನದವರಲ್ಲ. ಎಲ್ಲ ಕೇಳಿಸಿಕೊಂಡು, ಕಣ್ಣು ಮುಚ್ಚಿ, ವರದಿಯಲ್ಲಿ ಹೀಗೆ ಬರೆಸಿದರು: "ನಮ್ಮಲ್ಲಿ ಕಲಿತವರೊಬ್ಬರು ಉದ್ಯಮಿಯಾಗಿದ್ದು, ನಮ್ಮಲ್ಲೇ ಕಲಿತ ಮತ್ತೊಬ್ಬರಿಗೆ ಉದ್ಯೋಗ ನೀಡಿರುತ್ತಾರೆ."

ಹೆಲ್ಮೆಟ್

ಬಾಯಿಮಾತು ಸಾಲದು, ಕೆಲಸದ ಜಾಗದಲ್ಲಿ ನಿಂತ ಫೋಟೋ ಬೇಕು ಎಂದು ಮೇಲಿನಿಂದ ಆದೇಶ ಬಂತು. ಅಷ್ಟರಲ್ಲಿ ನಮ್ಮ ಎಷ್ಟೋ ಹುಡುಗರನ್ನು ಕಾರ್ಖಾನೆಯವರು ಎರಡು ವಾರ ಇಟ್ಟುಕೊಂಡು ಮನೆಗೆ ಕಳಿಸಿಬಿಟ್ಟಿದ್ದರು. ಮುಖ್ಯಸ್ಥರು ಅವರನ್ನೆಲ್ಲ ಕರೆಸಿ, ನಮ್ಮ ಹಿತ್ತಲಿನ ಹಳೆಯ ಜನರೇಟರ್ ಮುಂದೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ತಲೆಗೆ ಹಳದಿ ಹೆಲ್ಮೆಟ್ ಇಡಿಸಿದರು. ಫೋಟೋ ತೆಗೆದವಳು ನಾನೇ. ನಾಚಿಕೆಯಾಗುತ್ತಿತ್ತು. ಆದರೂ "ಸ್ವಲ್ಪ ನಗ್ರಿ" ಎಂದೆ.

ವರದಿ ಪರೀಕ್ಷಿಸುವವಳು ವಿಮಾನ ನಗರದ ಆಫೀಸಿನಲ್ಲಿರುವ ಮೈಸೂರು ಕಡೆಯ ಹುಡುಗಿ. ನನ್ನ ಮಗಳ ವಯಸ್ಸು. ಮರುದಿನವೇ ಫೋನ್ ಮಾಡಿದಳು.

"ಮೇಡಂ, ಹನ್ನೊಂದು ಬೇರೆ ಬೇರೆ ಕಂಪನಿ ಅಂತ ಹಾಕಿದ್ದೀರ. ಎಲ್ಲದರಲ್ಲೂ ಹೆಲ್ಮೆಟ್ ಮೇಲೆ ಅದೇ ಸ್ಕ್ರ್ಯಾಚ್ ಇದೆ."

ಮೇಜಿನ ಮೇಲಿದ್ದ ಹೆಲ್ಮೆಟ್ಟನ್ನು ತಿರುಗಿಸಿ ನೋಡಿದೆ. ಗೀರು ಇತ್ತು.

"ಹನ್ನೊಂದೂ ರಿಜೆಕ್ಟ್ ಮಾಡ್ತಿದ್ದೀನಿ," ಎಂದಳು. "ಆದ್ರೆ ಆ ಹೆಲ್ಮೆಟ್‌ಗೆ ಒಳ್ಳೆ ಪ್ಲೇಸ್‌ಮೆಂಟ್ ಆಗಿದೆ ಬಿಡಿ."

ಸದಾ ಎಂಗೇಜ್

ಹನ್ನೊಂದು ಹೋದ ಮೇಲೆ ನಾವು ಅಂಚಿಗೆ ಬಂದು ನಿಂತೆವು. ಇನ್ನು ಒಬ್ಬರಿಗೂ ಕೆಲಸ ಇಲ್ಲದಿರುವ ಹಾಗಿಲ್ಲ.

ಪಟ್ಟಿಯಲ್ಲಿ ಒಬ್ಬರು ಉಳಿದಿದ್ದರು. ಗೋಪ್ಯತೆಯ ಸಲುವಾಗಿ ಹೆಸರು, ಫೋನ್ ನಂಬರು ಎರಡನ್ನೂ ನಮಗೆ ತೋರಿಸುವುದಿಲ್ಲ. ನೋಂದಣಿ ಸಂಖ್ಯೆ ಒತ್ತಿದರೆ ನನ್ನ ಮೊಬೈಲಿನಿಂದ ತಾನಾಗಿ ಕರೆ ಹೋಗುತ್ತದೆ. ಮಹಿಳೆ ಎಂಬುದು ಮತ್ತು ಕೋರ್ಸಿನ ಹೆಸರು ಮಾತ್ರ ಕಾಣಿಸುತ್ತಿತ್ತು: ಕಾಲ್ ಸೆಂಟರ್ ತರಬೇತಿ. ಒತ್ತಿದೆ. ಎಂಗೇಜ್. ಮಧ್ಯಾಹ್ನ ಒತ್ತಿದೆ, ಎಂಗೇಜ್. ಮರುದಿನವೂ ಅದೇ.

"ಅದೇನು ಮಾತಾಡ್ತಾಳ್ರಿ ಇಕಿ, ಪುರುಸೊತ್ತಿಲ್ಲದ," ಎಂದು ಮುಖ್ಯಸ್ಥರ ಮುಂದೆ ಬೈದುಕೊಂಡೆ.

ಮೂರು ಸಲ ಸಿಗದಿದ್ದರೆ ಕೆಲಸವಿಲ್ಲ ಎಂದೇ ಲೆಕ್ಕ. ಕೊನೆಯ ದಿನದ ತನಕ ಕಾದು, ಮನಸ್ಸು ಕಲ್ಲು ಮಾಡಿಕೊಂಡು ಟಿಕ್ ಹಾಕಿದೆ. ಆ ದಿನವೇ ನನ್ನ ಕಾಂಟ್ರ್ಯಾಕ್ಟೂ ಮುಗಿಯಿತು. ಮರುದಿನ ಫಲಿತಾಂಶ ಬಂತು. ಒಬ್ಬರು ಕಡಿಮೆ.

ಮುಖ್ಯಸ್ಥರು ತಮ್ಮ ಪಾಸ್‌ವರ್ಡ್ ಹಾಕಿ, ಆ ಒಬ್ಬರು ಯಾರು ಎಂದು ತೆಗೆದು ನೋಡಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಹೇಳಿದರು: "ಮೇಡಂ, ಇದು ನೀವs."

ಆ ಕಾಲ್ ಸೆಂಟರ್ ಬ್ಯಾಚಿಗೆ ಕಲಿಯುವವರು ಒಬ್ಬರು ಕಡಿಮೆ ಬಿದ್ದಾಗ ನನ್ನ ಹೆಸರು ಸೇರಿಸಿದ್ದರಂತೆ. ನಾನು ಓದದೆ ಸಹಿ ಹಾಕಿದ್ದೆನಂತೆ. ಎರಡು ದಿನ ನಾನು ನನ್ನ ಫೋನಿನಿಂದ ನನಗೇ ಫೋನ್ ಮಾಡಿ, ನನಗೇ ಬೈದು, ನನಗೇ ಕೆಲಸವಿಲ್ಲ ಎಂದು ಬರೆದು ಕಳಿಸಿದ್ದೆ.

ಮುಖ್ಯಸ್ಥರು ವಿಮಾನ ನಗರಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು.

"ಆ ಅಭ್ಯರ್ಥಿ ನಮ್ಮಲ್ಲೇ ಕೆಲಸಕ್ಕ ಇದ್ದಾರ್ರಿ. ಒಂದು ಟಿಕ್ ತಿದ್ದಿಬಿಡ್ರಿ."

"ಇವತ್ತಿನ ಡೇಟ್‌ಗೆ ಅಪಾಯಿಂಟ್‌ಮೆಂಟ್ ಲೆಟರ್ ಇದೆಯಾ ಸರ್?"

"ನೀವು ಪಾಸ್ ಮಾಡಿದ ಕೂಡಲೇ ಕೊಡ್ತೀವಿ."

"ಲೆಟರ್ ಇದ್ರೆ ಪಾಸ್ ಮಾಡ್ತೀನಿ ಸರ್."

ಇಬ್ಬರೂ ಇದನ್ನೇ ನಾಲ್ಕು ಸಲ ಹೇಳಿದರು. ಕೊನೆಗೆ ಆ ಹುಡುಗಿ, ಅಭ್ಯರ್ಥಿಯ ಬಾಯಿಂದಲೇ ಕೇಳುತ್ತೇನೆ ಎಂದಳು. ಮುಖ್ಯಸ್ಥರು ಫೋನನ್ನು ನನ್ನ ಕಡೆ ಸರಿಸಿದರು. ಅವರ ಮುಖ ನೋಡಲಾಗುತ್ತಿರಲಿಲ್ಲ. ನನ್ನದೂ ಹಾಗೇ ಇದ್ದಿರಬೇಕು.

"ಮೇಡಂ, ಸಾರಿ, ಫಾರ್ಮಲ್ಲಿ ಇರೋದನ್ನ ಕೇಳಲೇಬೇಕು. ಸದ್ಯಕ್ಕೆ ನಿಮಗೆ ಕೆಲಸ ಇದೆಯಾ?"

"ನಿನ್ನಿತನಕ ಇತ್ತವಾ."

ಅವಳು ಟಿಕ್ ಮಾಡಿದ ಸದ್ದು ಕೇಳಿಸಿತು.

"ಲಾಸ್ಟ್ ಪ್ರಶ್ನೆ ಮೇಡಂ. ನಮ್ಮ ತರಬೇತಿಯಿಂದ ನಿಮ್ಮ ಜೀವನದಲ್ಲಿ ಏನಾದ್ರೂ ಬದಲಾವಣೆ ಆಯ್ತಾ?"

"ಆತವಾ," ಎಂದೆ. "ಮೊದಲು ನನಗ ಕೆಲಸ ಇತ್ತು."