ಹೊಲಿಗೆಗೆ ಬಿಟ್ಟ ಎರಡು ಅಂಗುಲ

ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ಬಂತು. ಒಂಬತ್ತೂ ಕಾಲಿಗೆ ಅದು ಗೋಡೆಯ ಕಂಡಿಗಿಂತ ದೊಡ್ಡದೆಂದು ಗೊತ್ತಾಯಿತು. ಒಂಬತ್ತೂವರೆಗೆ ಅದು ಯಾರ ಕೈಚಳಕವೆಂಬುದೂ ಗೊತ್ತಾಯಿತು. ಆದರೆ ಗೊತ್ತಾದದ್ದು ದರ್ಜಿಯೊಬ್ಬನಿಗೇ, ಅವನು ಸದ್ಯಕ್ಕೆ ತುಟಿ ಬಿಚ್ಚಲಿಲ್ಲ.

ದರ್ಜಿಯದು ಹನ್ನೆರಡು ಮನೆಗಳ ಸಾಲಿನಲ್ಲಿ ಮೊದಲನೆಯದು. ದುಡಿದು ತಿನ್ನುವ ಹನ್ನೆರಡು ಕುಟುಂಬಗಳಿಗೆ ಸ್ವಂತ ಸೂರು ಕಟ್ಟಿಕೊಳ್ಳಲು ಸ್ವಯಂಸೇವಕರ ಸಂಘವೊಂದು ಹೆಗಲು ಕೊಟ್ಟಿತ್ತು. ಮನೆ ಬೇಕೆಂದವರು ಮುನ್ನೂರು ಗಂಟೆ ತಾವೂ ಅಲ್ಲಿ ಬೆವರು ಸುರಿಸಬೇಕು, ತಮ್ಮ ಮನೆಗಷ್ಟೇ ಅಲ್ಲ, ಪಕ್ಕದವರ ಮನೆಗೂ ದುಡಿಯಬೇಕು ಎಂಬುದು ಸಂಘದ ಕಟ್ಟುನಿಟ್ಟು. ದರ್ಜಿ ಸಿಕ್ಕ ರಜಾದಿನಗಳಲ್ಲೆಲ್ಲ ಬಂದು ಇಟ್ಟಿಗೆ ಹೊತ್ತ, ಗಾರೆ ಕಲೆಸಿದ, ಒಮ್ಮೆ ತನ್ನದೇ ಒಂದು ಚಪ್ಪಲಿಯನ್ನು ಏಳನೆಯ ಮನೆಯ ಪಾಯದಲ್ಲಿ ಹೂತು ಬಂದ. ಅಂತೂ ಎಲ್ಲರಿಗಿಂತ ಮೊದಲು ಮುನ್ನೂರು ಗಂಟೆ ಮುಗಿಸಿದವನು ಅವನೇ.

ಅವನಿಗೆ ಮನೆಯಲ್ಲಿ ಬೇಕಾಗಿದ್ದದ್ದು ಮುಖ್ಯವಾಗಿ ಬಾಗಿಲು. ಹನ್ನೊಂದು ವರ್ಷ ಅವನೂ ಹೆಂಡತಿಯೂ ಮಗಳೂ ಇದ್ದದ್ದು ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ. ಅಂಗಡಿಗೂ ಕೋಣೆಗೂ ನಡುವೆ ಇದ್ದದ್ದು ಅವನೇ ಹೊಲಿದ ಹೂವಿನ ಪರದೆ. ಪರದೆಯನ್ನು ಯಾರೂ ತಟ್ಟುವುದಿಲ್ಲ, ಸರಿಸುತ್ತಾರೆ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದು ಕಾಲು ಚಾಚಿದಳೋ ಇಲ್ಲವೋ, ಅಂಗಿಯ ಗುಂಡಿ ಕಿತ್ತುಹೋದವರೊಬ್ಬರು ತಲೆ ತೂರಿಸುತ್ತಿದ್ದರು. ತನ್ನ ಮನೆಯೊಳಗೆ ಹೋಗಿ, ಅಗಳಿ ಹಾಕಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳುವುದು ಅವನ ಜೀವಮಾನದ ಆಸೆಯಾಗಿತ್ತು.

ಆ ದಿನ ಸಂಜೆ ನಾಲ್ಕಕ್ಕೆ ನಗರಸಭೆಯ ತಪಾಸಣೆ ಅಧಿಕಾರಿ ಬರುವವರಿದ್ದರು. ಬಾಗಿಲು ಕೂತಿದ್ದರೆ ಬೀಗದ ಕೈ, ಇಲ್ಲವಾದರೆ ಅವರ ಮುಂದಿನ ಭೇಟಿ ಎರಡು ತಿಂಗಳ ಮೇಲೆ. ಹಳೆಯ ಕೋಣೆಗೆ ಆಗಲೇ ಬೇರೆಯವರು ಬಂದಾಗಿತ್ತು. ದರ್ಜಿಯ ಹೊಲಿಗೆ ಯಂತ್ರ, ಪಾತ್ರೆ, ಹಾಸಿಗೆ ಎಲ್ಲವೂ ತಳ್ಳುಗಾಡಿಯೇರಿ ಹೊಸ ಮನೆಯ ಮುಂದೆ ನಿಂತಿದ್ದವು. ಅವುಗಳ ಮೇಲೆ ಹೆಂಡತಿ, ಬಸ್ಸಿಗೆ ಕಾಯುವವಳ ಹಾಗೆ, ಕುಳಿತಿದ್ದಳು.

ತಪ್ಪು ನಡೆದದ್ದು ಮೂರು ವಾರದ ಹಿಂದೆ. ಸಂಘದ ಎಂಜಿನಿಯರಮ್ಮ ಕೈಯಲ್ಲಿ ಸದಾ ರಸಮಟ್ಟ ಹಿಡಿದು, ಅದರ ಗುಳ್ಳೆ ನಡುವೆ ನಿಲ್ಲದ ಹೊರತು ಮುಗುಳ್ನಗೆಯನ್ನೂ ಕೊಡದ ಹೆಂಗಸು. ಎಲ್ಲರೂ ಅವಳನ್ನು ರಸಮಟ್ಟದಕ್ಕ ಎನ್ನುತ್ತಿದ್ದರು. ಅಂದು ಅವಳ ಟೇಪು ಕಾಣೆಯಾಗಿತ್ತು, ದರ್ಜಿಯ ಕೊರಳಲ್ಲಿ ಎಂದಿನಂತೆ ಟೇಪು ನೇತಾಡುತ್ತಿತ್ತು. ಮುಂಬಾಗಿಲ ಕಂಡಿ ಅಳೆದು ಬರೆದುಕೊಡಿ, ಚೌಕಟ್ಟಿನ ಸಮೇತ ಬಾಗಿಲು ಮಾಡಿಸಬೇಕು ಎಂದಳು. ದರ್ಜಿ ಅಳೆದ. ಇಪ್ಪತ್ತೈದು ವರ್ಷದ ಅಭ್ಯಾಸ ಅವನನ್ನು ಕೇಳದೆಯೇ ಕೆಲಸ ಮಾಡಿತು. ಅಗಲಕ್ಕೆ, ಹೊಲಿಗೆಗೆಂದು ಎರಡು ಅಂಗುಲ. ಎತ್ತರಕ್ಕೆ, ಮುಂದೆ ಬೇಕಾದರೆ ಬಿಚ್ಚಿ ಉದ್ದ ಮಾಡಲು, ಕೆಳಗಿನ ಮಡಿಕೆಗೆಂದು ಇನ್ನೆರಡು ಅಂಗುಲ. ಚೀಟಿಯ ಅಕ್ಷರ ಮುತ್ತಿನಂತಿತ್ತು. ಹನ್ನೆರಡು ಮನೆಗಳೂ ಒಂದೇ ಅಚ್ಚು, ಇಷ್ಟು ಅಚ್ಚುಕಟ್ಟಾದ ಅಳತೆ ಒಂದಿದ್ದರೆ ಸಾಕು ಎಂದು ರಸಮಟ್ಟದಕ್ಕ ಮೆಚ್ಚಿ ಚೀಟಿಯನ್ನು ಜೇಬಿಗಿಟ್ಟಳು.

ಈಗ ಆ ಬಾಗಿಲು ಗೋಡೆಗೆ ಒರಗಿ ನಿಂತಿತ್ತು. ಅದರ ಸುತ್ತ ಮೂವರು ಸ್ವಯಂಸೇವಕರು ಗಲ್ಲಕ್ಕೆ ಕೈಹಚ್ಚಿ ನಿಂತಿದ್ದರು. ಒಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು. ಇನ್ನೊಬ್ಬರು ಹಲ್ಲಿನ ಡಾಕ್ಟರು, ವಾರಕ್ಕೊಂದು ದಿನ ದವಾಖಾನೆ ಮುಚ್ಚಿ ಗಾರೆ ಕಲೆಸಲು ಬರುವವರು. ಮೂರನೆಯವನು ಬಸ್ಸಿನ ಡ್ರೈವರು.

ಬಡಗಿಯ ಕಡೆಯವರು ತಪ್ಪು ಮಾಡಿದ್ದಾರೆ, ವಾಪಸು ಕಳಿಸೋಣ ಎಂದು ಡ್ರೈವರು ತೋಳು ಮಡಿಸಿದ. ಕಾಣದ ಬಡಗಿಯ ಮೇಲೆ ಅಪವಾದ ಬೀಳುವುದನ್ನು ದರ್ಜಿಯಿಂದ ನೋಡಲಾಗಲಿಲ್ಲ.

"ಬಡಗಿದಲ್ಲ, ನಂದೇ," ಎಂದ. "ಹೊಲಿಗೆಗೆ ಅಂತ ಎರಡು ಅಂಗುಲ ಬಿಟ್ಟುಬಿಟ್ಟೆ."

ಮೂವರೂ ಅವನ ಮುಖ ನೋಡಿದರು. ಮೇಷ್ಟ್ರು ಮೊದಲು ನಕ್ಕರು, ಆಮೇಲೆ ಡಾಕ್ಟರು ನಕ್ಕರು. ಡ್ರೈವರು ಮಾತ್ರ ನಗು ತಡೆಯಲು ಹೋಗಿ ಬಿಕ್ಕಳಿಕೆ ಹತ್ತಿಸಿಕೊಂಡ. ತಳ್ಳುಗಾಡಿಯ ಮೇಲಿನಿಂದ ಹೆಂಡತಿ, ಪುಣ್ಯಕ್ಕೆ ಬಾಗಿಲಿಗೆ ಜೇಬು ಇಡಲಿಲ್ಲವಲ್ಲ ಎಂದಳು.

ಬಾಗಿಲನ್ನು ಕತ್ತರಿಸೋಣವೆಂದರೆ ಅದರ ಒಳಗೆ ಟೊಳ್ಳು. ಅಂಚಿನ ಪಟ್ಟಿ ಹೋದರೆ ಹೊಟ್ಟೆಯೇ ಹೊರಬೀಳುತ್ತಿತ್ತು. ರಸಮಟ್ಟದಕ್ಕನಿಗೆ ಹೇಳೋಣವೆಂದರೆ ಬೇರೆ ಬಾಗಿಲಿಗೆ ಹದಿನೈದು ದಿನ, ತಪಾಸಣೆಗೆ ಎರಡು ತಿಂಗಳು. ಮೂವರೂ ಒಮ್ಮೆ ತಳ್ಳುಗಾಡಿಯನ್ನೂ ಒಮ್ಮೆ ಗೋಡೆಯನ್ನೂ ನೋಡಿದರು. ಬಾಗಿಲು ಚಿಕ್ಕದಾಗದಿದ್ದರೆ ಕಂಡಿ ದೊಡ್ಡದಾಗಬೇಕು, ಅಕ್ಕನಿಗೆ ಮಾತ್ರ ಸುಳಿವು ಸಿಗಬಾರದು ಎಂದು ಅಲ್ಲೇ ತೀರ್ಮಾನವಾಯಿತು. ಸ್ವಂತ ಕೆಲಸವಾಗಿದ್ದರೆ ನಾಲ್ಕು ಸಲ ಯೋಚಿಸುತ್ತಿದ್ದರೋ ಏನೋ, ಪರರ ಮನೆಯಾದ್ದರಿಂದ ತಕ್ಷಣ ಉಳಿ ಸುತ್ತಿಗೆ ಎತ್ತಿಕೊಂಡರು.

ಮೇಷ್ಟ್ರು ಉತ್ತರದ ಕಡೆಯ ಗೋಡೆಯನ್ನು ಕೆತ್ತಬೇಕೆಂದು ಅಪ್ಪಣೆ ಕೊಟ್ಟು, ಉತ್ತರ ಯಾವುದೆಂದು ಹುಡುಕಲು ಬಿಸಿಲಿಗೆ ಹೋಗಿ ಬಂದರು. ಅಷ್ಟರಲ್ಲಿ ಡಾಕ್ಟರು ಶುರುಮಾಡಿಯಾಗಿತ್ತು. ಉಳಿಯನ್ನು ಬೆರಳ ತುದಿಯಲ್ಲಿ ಹಿಡಿದು, ಎರಡು ಏಟಿಗೊಮ್ಮೆ ಊದಿ, ಕತ್ತು ವಾಲಿಸಿ ಒಳಗೆ ಇಣುಕುತ್ತಿದ್ದರು. ಒಂದು ಇಟ್ಟಿಗೆ ಅಲುಗಾಡಿದಾಗ, ಸ್ವಲ್ಪ ನೋವಾಗುತ್ತೆ, ಗಟ್ಟಿಯಾಗಿ ಇರಿ ಎಂದು ಗೋಡೆಗೇ ಹೇಳಿದರು. ಎತ್ತರದ ಎರಡು ಅಂಗುಲಕ್ಕಾಗಿ ದರ್ಜಿ ಹೊಸಿಲ ಜಾಗದ ಸಿಮೆಂಟನ್ನು ಒಡೆಯತೊಡಗಿದ. ಅದನ್ನು ಎರಡು ವಾರದ ಹಿಂದೆ ನುಣ್ಣಗೆ ಸಾರಿಸಿ, ಯಾರೂ ತುಳಿಯದಂತೆ ಅರ್ಧ ದಿನ ಕಾವಲು ಕೂತವನೂ ಅವನೇ.

ಹನ್ನೊಂದಕ್ಕೆ ರಸಮಟ್ಟದಕ್ಕನ ದನಿ ಆಚೆ ಮನೆಯ ಹತ್ತಿರ ಕೇಳಿತು. ನಾಲ್ವರ ಕೈಯೂ ನಿಂತಿತು. ಗೋಡೆಯ ಗಾಯವನ್ನು ಮುಚ್ಚಲು ಅಲ್ಲಿ ಏನೂ ಇರಲಿಲ್ಲ. ಹೆಂಡತಿಯೇ ತಳ್ಳುಗಾಡಿಯಿಂದ ಇಳಿದು, ಗಂಟು ಬಿಚ್ಚಿ, ಹನ್ನೊಂದು ವರ್ಷದ ಹೂವಿನ ಪರದೆಯನ್ನು ಎಳೆದುಕೊಟ್ಟಳು. ಅಕ್ಕ ಬರುವ ಹೊತ್ತಿಗೆ ಪರದೆ ಕಂಡಿಯ ತುಂಬ ತೂಗುತ್ತಿತ್ತು. ಅದರ ಹಿಂದೆ ನಾಲ್ವರು ಉಸಿರು ಬಿಗಿಹಿಡಿದಿದ್ದರು.

"ಇದೇನಿದು ಪರದೆ?" ಎಂದಳು ಅಕ್ಕ.

ಅಧಿಕಾರಿಗಳು ಬಂದಾಗ ಸರಿಸಿ ತೋರಿಸೋಣ ಅಂತ, ಅಲ್ಲೀವರೆಗೆ ಯಾರೂ ನೋಡಬಾರದು ಎಂದು ಹೆಂಡತಿ ಹೇಳಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳೆಂದು ದರ್ಜಿಗೆ ಗೊತ್ತಿರಲಿಲ್ಲ. ಅವನಿಗೆ ಹೆಮ್ಮೆಯ ಜೊತೆಗೆ ಸ್ವಲ್ಪ ಭಯವೂ ಆಯಿತು.

"ಆಗಲಿ. ಅಳತೆ ಸರಿಯಾಗಿ ಕೂತಿತಾ? ಅದೊಂದು ಖಚಿತವಾಗಿ ಹೇಳಿ."

"ಮೈಮೇಲೆ ಇಟ್ಟು ಹೊಲಿದ ಹಾಗೆ ಕೂತಿದೆ," ಎಂದು ಡ್ರೈವರು ಪರದೆಯ ಹಿಂದಿನಿಂದ ಕೂಗಿದ. ಮೇಷ್ಟ್ರು ಅದಕ್ಕೆ ನೂರಕ್ಕೆ ನೂರು ಅಂಕ ಕೊಟ್ಟರು.

ಹಾಗಾದರೆ ಹೇಳಿಬಿಡ್ತೀನಿ ಎಂದು ಅಕ್ಕ ಫೋನು ಕಿವಿಗಿಟ್ಟುಕೊಂಡು ಹೋದಳು. ಅಧಿಕಾರಿಗೆ ಹೇಳುತ್ತಾಳೆ ಎಂದುಕೊಂಡು ಒಳಗಿದ್ದವರು ನಿರಾಳವಾಗಿ ಉಸಿರು ಬಿಟ್ಟು ಮತ್ತೆ ಉಳಿ ಹಿಡಿದರು.

ಊಟದ ಹೊತ್ತು ಮೀರಿತು. ಮೇಷ್ಟ್ರು ಸುತ್ತಿಗೆಯನ್ನು ಹೆಬ್ಬೆರಳ ಮೇಲೆ ಬಿಟ್ಟುಕೊಂಡರು. ಡಾಕ್ಟರು ಅದಕ್ಕೆ ಪಟ್ಟಿ ಕಟ್ಟಿ, ಎರಡು ಗಂಟೆ ಬಿಸಿ ಏನೂ ಕುಡಿಯಬೇಡಿ ಎಂದು ಅಭ್ಯಾಸಬಲದಿಂದ ಹೇಳಿದರು. ಎರಡೂವರೆಗೆ ಕಂಡಿ ಎರಡು ಅಂಗುಲ ಹಿಗ್ಗಿತು. ಚೌಕಟ್ಟನ್ನು ಎತ್ತಿ ನಿಲ್ಲಿಸುವಾಗ ಡ್ರೈವರು ಭಾರವನ್ನೆಲ್ಲ ತಾನೇ ಹೊತ್ತು, ಹಿಂದೆ ಹಿಂದೆ ಹೋಗುತ್ತ, ಜಾಗ ಇದೆಯಾ ನೋಡ್ಕೊಂಡು ಹೇಳಿ ಎಂದು ದರ್ಜಿಯ ಮಗಳನ್ನು ಕೇಳುತ್ತಿದ್ದ. ಅವಳು ಕೈಬೀಸಿ ಬರಲಿ ಬರಲಿ ಎನ್ನುತ್ತಿದ್ದಳು. ಮೊಳೆ ಬಿದ್ದವು. ಸಂದಿಗೆ ಸಿಮೆಂಟು ತುಂಬಿತು. ಬಾಗಿಲು ಒಂದು ಸಲ ಕಿರುಗುಟ್ಟಿ, ತನ್ನ ಮನೆಯೊಳಗೆ ತಾನೇ ಹೋದ ಹಾಗೆ ಮೆಲ್ಲಗೆ ಕೂತಿತು.

ದರ್ಜಿ ಅವರ ಕೈಗಳನ್ನು ನೋಡಿದ. ಡಾಕ್ಟರ ಅಂಗೈಯಲ್ಲಿ ಬೊಬ್ಬೆ, ಮೇಷ್ಟ್ರ ಬೆರಳಿಗೆ ಪಟ್ಟಿ, ಡ್ರೈವರನ ಮೊಣಕೈ ತರಚಿ ರಕ್ತ. ಈ ಕೈಗಳಿಗೂ ತನಗೂ ಯಾವ ನಂಟೂ ಇಲ್ಲ, ನಾಳೆ ಇವರು ಈ ಮನೆಯಲ್ಲಿ ಮಲಗುವವರಲ್ಲ, ಆದರೂ ಬೆಳಗಿನಿಂದ ಹಸಿದುಕೊಂಡು ತನ್ನ ತಪ್ಪನ್ನು ಕೆತ್ತಿದರು ಎಂದು ನೆನೆದು ಅವನು ಕೈಮುಗಿದ.

"ನಿಮ್ಮ ಋಣ ನಾನು ಹೇಗೆ ತೀರಿಸಲಿ?" ಎಂದ.

"ಒಂದು ಸಲ ಬಾಗಿಲು ಹಾಕಿ ತೋರಿಸಿ, ಸಾಕು," ಎಂದರು ಮೇಷ್ಟ್ರು. ಅವರ ಕಣ್ಣು ಒದ್ದೆಯಾಗಿತ್ತು, ಅದಕ್ಕೆ ಅವರು ಸಿಮೆಂಟಿನ ಧೂಳನ್ನು ದೂರಿದರು.

ನಾಲ್ಕಕ್ಕೆ ಅಧಿಕಾರಿ ಬಂದರು. ಹಸಿ ಸಿಮೆಂಟು ಕಾಣದಂತೆ ಡ್ರೈವರು ಚೌಕಟ್ಟಿನ ಪಕ್ಕಕ್ಕೆ ಒರಗಿ, ಬಹಳ ಆರಾಮಾಗಿರುವವನಂತೆ ಕಾಲ ಮೇಲೆ ಕಾಲು ಹಾಕಿ ನಿಂತ. ಹೆಂಡತಿ ಪರದೆ ಸರಿಸಿದಳು. ಅಧಿಕಾರಿ ಬಾಗಿಲನ್ನು ಮೂರು ಸಲ ತೆಗೆದು ಹಾಕಿ, ಒಳ್ಳೆ ಅಗಲವಾಗಿದೆ ಎಂದು ಮೆಚ್ಚಿ ಸಹಿ ಹಾಕಿದರು. ರಸಮಟ್ಟದಕ್ಕ ಚೌಕಟ್ಟಿಗೆ ರಸಮಟ್ಟ ಹಿಡಿದಳು. ಗುಳ್ಳೆ ನಟ್ಟನಡುವೆ ನಿಂತಿತು. ಅವಳು ನಕ್ಕು ಬೀಗದ ಕೈಯನ್ನು ದರ್ಜಿಯ ಅಂಗೈಯಲ್ಲಿಟ್ಟಳು. ಡ್ರೈವರು ಗೋಡೆ ಬಿಟ್ಟು ಬರುವಾಗ ಅರ್ಧ ಸಿಮೆಂಟು ಅವನ ಬೆನ್ನಿಗೇ ಬಂತು.

ಸಾಮಾನು ಒಳಗೆ ಹೋಯಿತು. ದರ್ಜಿ ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕ ಇಟ್ಟ. ಆಮೇಲೆ ಮೆಲ್ಲನೆ ಬಾಗಿಲು ಹಾಕಿ, ಅಗಳಿ ಎಳೆದು, ಕುರ್ಚಿಯ ಮೇಲೆ ಕುಳಿತ. ಹೊರಗಿನ ಸದ್ದೆಲ್ಲ ಹೊರಗೇ ಉಳಿಯಿತು. ಹೆಂಡತಿ ಗೋಡೆಗೊರಗಿ ಕಾಲು ಚಾಚಿದಳು, ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಇಷ್ಟು ಸುಖ ತನಗೆ ಸಲ್ಲುತ್ತದೆಯೇ ಎಂದು ದರ್ಜಿಗೆ ಸಂಶಯ ಬಂತು.

ಎರಡನೆಯ ನಿಮಿಷಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೋ ತಮ್ಮ ಮನೆಯನ್ನು ತಟ್ಟಿದರೆಂದು ಮೂವರೂ ಮುಖ ಮುಖ ನೋಡಿಕೊಂಡು ಸಂತೋಷಪಟ್ಟರು.

ತೆರೆದರೆ ರಸಮಟ್ಟದಕ್ಕ. ಅವಳ ಹಿಂದೆ ಒಂದು ಲಾರಿ. ಲಾರಿಯ ತುಂಬ ಬಾಗಿಲುಗಳು, ಚೌಕಟ್ಟಿನ ಸಮೇತ. ಮೂವರು ಸ್ವಯಂಸೇವಕರು ಲಾರಿಯ ಪಕ್ಕ ನಿಂತು ಮೂರು ದಿಕ್ಕಿನ ಆಕಾಶ ನೋಡುತ್ತಿದ್ದರು.

"ನಿಮಗೊಂದು ಒಳ್ಳೇ ಸುದ್ದಿ," ಎಂದಳು ಅಕ್ಕ. "ನಿಮ್ಮ ಬಾಗಿಲು ಸರಿಯಾಗಿ ಕೂರ್ಲಿ ಅಂತಲೇ ಕಾಯ್ತಾ ಇದ್ದೆ. ಬೆಳಗ್ಗೆ ನೀವು ಸರಿ ಅಂದಕೂಡ್ಲೇ ಬಡಗಿಗೆ ಫೋನು ಮಾಡಿದೆ. ನಿಮ್ಮ ಚೀಟಿ ಪ್ರಕಾರ ಆಗಲೇ ಕೊಯ್ದಿಟ್ಟಿದ್ದ ಉಳಿದ ಹನ್ನೊಂದನ್ನೂ ಕೂಡಿಸಿ ಕಳಿಸಿದಾನೆ."

ಹೊರಗೆ ಹನ್ನೊಂದು ಕುಟುಂಬಗಳು ಹೊಸ ಬಾಗಿಲುಗಳನ್ನು ಸವರುತ್ತ ನಿಂತಿದ್ದವು. ಎರಡನೆಯ ಮನೆಯ ತರಕಾರಿ ಮಾರುವಾಕೆ, ನಿನ್ನ ಅಳತೆಯಿಂದ ನಮಗೂ ಒಳ್ಳೇದಾಯ್ತಪ್ಪ ಎಂದು ಕೈಮುಗಿದಳು. ದರ್ಜಿ ಒಂದು ಸಲ ಡಾಕ್ಟರ ಬೊಬ್ಬೆಯನ್ನು ನೋಡಿದ, ಒಂದು ಸಲ ಸಾಲಿನುದ್ದಕ್ಕೂ ಹಬ್ಬಿದ ಹನ್ನೊಂದು ಕಂಡಿಗಳನ್ನು ನೋಡಿದ. ಆಮೇಲೆ ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಅಕ್ಕ ಲಾರಿಯ ಬಾಗಿಲುಗಳನ್ನು ಒಂದೊಂದಾಗಿ ಎಣಿಸಿದಳು. ಕೊನೆಗೆ, ನಿಮ್ಮ ಮುನ್ನೂರು ಗಂಟೆ ಮುಗಿದಿದೆ, ನಿಮ್ಮನ್ನು ನಾನು ಒತ್ತಾಯ ಮಾಡೋ ಹಾಗಿಲ್ಲ ಎಂದಳು. ದರ್ಜಿ ಕೊರಳಿಂದ ಟೇಪು ತೆಗೆದು ಅವಳ ಕೈಗೆ ಕೊಟ್ಟು, ಅಂಗಿಯ ತೋಳು ಮಡಿಸಿಕೊಂಡು ಎರಡನೆಯ ಮನೆಯತ್ತ ನಡೆದ. ಮೇಷ್ಟ್ರು ಪಟ್ಟಿಯ ಬೆರಳನ್ನು ಮೇಲೆತ್ತಿಕೊಂಡು ಹಿಂದೆ ಹೊರಟರು. ಡಾಕ್ಟರೂ ಹೊರಟರು. ಡ್ರೈವರು ಸಿಮೆಂಟಿನ ಬೆನ್ನು ತೋರಿಸುತ್ತ ಎಲ್ಲರಿಗಿಂತ ಮುಂದೆ ಹೋದ. ತರಕಾರಿಯಾಕೆ, ಮಹಾರಾಯ, ನಮ್ಮ ಗೋಡೆ ಎತ್ತಿದವನೂ ನೀನೇ ತಾನೇ, ಕೆಡವೋದೂ ನಿನ್ನದೇ ಹಕ್ಕು ಎಂದು ಸೆರಗು ಸಿಕ್ಕಿಸಿಕೊಂಡು ಜೊತೆಯಾದಳು.

ಅಷ್ಟು ದೂರ ಹೋದ ಮೇಲೆ ಉಳಿ ಒಳಗೇ ಬಿಟ್ಟದ್ದು ದರ್ಜಿಗೆ ನೆನಪಾಯಿತು. ವಾಪಸು ಬಂದ. ಬಾಗಿಲು ಹಾಕಿತ್ತು, ಅಗಳಿಯೂ ಬಿದ್ದಿತ್ತು. ಅವನು ತಟ್ಟಿದ.

"ಯಾರು?" ಎಂದಳು ಹೆಂಡತಿ ಒಳಗಿನಿಂದ.

"ನಾನೇ. ಉಳಿ ಬೇಕಿತ್ತು."

ಬಾಗಿಲು ಸರಿಯಾಗಿ ಎರಡು ಅಂಗುಲ ತೆರೆಯಿತು. ಉಳಿ ಹೊರಗೆ ಬಂತು. ಬಾಗಿಲು ಮತ್ತೆ ಮುಚ್ಚಿ, ಅಗಳಿ ಬಿದ್ದ ಸದ್ದು ಕೇಳಿಸಿತು.